ಮಂಜಿನ ಘಟ್ಟ, ಹಳೆಯ ಕಾರು, ಮುಂಗಾಜಿನ ನೀರು

ಎತ್ತಿನ ಗೊರಸು ನೋಡದೆ ಗಾಡಿ ಕಟ್ಟುವ ರೈತನಿಲ್ಲ. ಆದರೆ ಹಳೆಯ ಕಾರನ್ನೋ ಜೀಪನ್ನೋ ಇಟ್ಟುಕೊಂಡಿರುವ ನಮ್ಮಲ್ಲಿ ಎಷ್ಟು ಮಂದಿ, ಘಟ್ಟ ಇಳಿಯುವ ಮೊದಲು ಮುಂಗಾಜಿಗೆ ನೀರು ಚಿಮ್ಮುವುದೋ ಇಲ್ಲವೋ ಎಂದು ನೋಡುತ್ತೇವೆ? ಬ್ರೇಕು, ಟೈರು, ಎಣ್ಣೆ ನೋಡುತ್ತೇವೆ, ವಾಷರನ್ನು ಮರೆಯುತ್ತೇವೆ. ಇಲ್ಲಿ ವಾಷರೆಂದರೆ ಬೋಲ್ಟಿಗೆ ಹಾಕುವ ಬಿಲ್ಲೆಯಲ್ಲ, ಗಾಜು ತೊಳೆಯಲು ನೀರು ಚಿಮ್ಮಿಸುವ ಉಪಕರಣ. ಹೀಗೆ ಮರೆತು ನಾವೂ ಒಂದು ದಿನ ಪೇಚಿಗೆ ಸಿಕ್ಕಿದೆವು. ಆ ಅನುಭವವು ಇತರರಿಗೂ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಗೆಟ್ಟವಾಡಿಯ ಕಡೆಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟ ಇಳಿಯಬೇಕು. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. 2022ರ ಫೆಬ್ರವರಿಯಲ್ಲಿ ನ್ಯಾಯಾಲಯದ ಆಜ್ಞೆಯಂತೆ ಕಾಡುಪ್ರಾಣಿಗಳ ರಕ್ಷಣೆಗಾಗಿ ಈ ಘಟ್ಟದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಕಾಡಿಗೆ ಅದು ಒಳ್ಳೆಯದೇ. ಆದರೆ ಬೆಳಗಿನ ಮಂಜಿನ ಹೊತ್ತಿನಲ್ಲಿ ಲಾರಿಗಳ ನಡುವೆ ಸಾಗುವವನಿಗೆ ಕಣ್ಣು ಚುರುಕಾಗಿರಬೇಕು, ಗಾಜೂ ಶುಚಿಯಾಗಿರಬೇಕು.

ಪುಷ್ಯಮಾಸದ ಒಂದು ಮುಂಜಾನೆ ನೆರೆಮನೆಯ ಹಿರಿಯರನ್ನು ಕೂರಿಸಿಕೊಂಡು ಹೊರಟಿದ್ದೆವು. ಹಿಂದಿನ ರಾತ್ರಿ ತುಂತುರು ಬಿದ್ದು ರಸ್ತೆ ರಾಡಿಯಾಗಿತ್ತು. ತಿರುವೊಂದರಲ್ಲಿ ಎದುರು ಬಂದ ಲಾರಿ ಗಾಜಿನ ತುಂಬ ಕೆಸರೆರಚಿತು. ವೈಪರು ಹಾಕಿದೆವು, ಸಗಣಿ ಸಾರಿಸಿದಂತೆ ಕೆಸರು ಗಾಜಿಗೆಲ್ಲ ಹರಡಿತು. ವಾಷರಿನ ಗುಂಡಿ ಒತ್ತಿದೆವು. ಗುಂಯ್ ಎಂದು ಸದ್ದಾಯಿತೇ ಹೊರತು ಒಂದು ಹನಿಯೂ ಬರಲಿಲ್ಲ. ಎಡಗಡೆ ಕಣಿವೆ, ಹಿಂದೆ ಮತ್ತೊಂದು ಲಾರಿ. ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ, ನಾಲ್ಕು ಮಾರು ಮುಂದೆ ಸರಿದು ನಿಂತೆವು. ಹಿರಿಯರು ಇಳಿದು ಕುಡಿಯುವ ನೀರನ್ನೇ ಗಾಜಿಗೆ ಸುರಿದರು.

ಊರಿಗೆ ಮರಳುವ ದಾರಿಯಲ್ಲಿ ತೋರಿಸಿದಾಗ ಮೆಕ್ಯಾನಿಕರೊಬ್ಬರು ಮೋಟಾರನ್ನೇ ಬದಲಾಯಿಸಬೇಕೆಂದರು. ಹಿರಿಯರು ನಕ್ಕು, "ಮೇಷ್ಟ್ರೇ, ಡ್ರಿಪ್ಪಲ್ಲಿ ನೀರು ಬರ್ದಿದ್ರೆ ನೀವು ಬೋರಿನ ಮೋಟಾರು ಎತ್ತುಸ್ತೀರಾ? ಮೊದ್ಲು ತೂತು ನೋಡಲ್ವಾ?" ಎಂದರು. ಅವರ ಮಾತೇ ನಿಜವಾಯಿತು.

ಈ ಉಪಕರಣವೆಂಬುದು ಔಷಧಿ ಹೊಡೆಯುವ ಯಂತ್ರದ ಪುಟ್ಟ ತಮ್ಮ. ಒಂದು ಟ್ಯಾಂಕು, ಒಂದು ಚಿಕ್ಕ ಪಂಪು, ತೆಳುವಾದ ಕೊಳವೆ, ಕೊನೆಗೆ ನಾಜಲ್ಲು, ಇಷ್ಟೇ. ಗುಂಡಿ ಒತ್ತಿದಾಗ ಸದ್ದು ಬರುವುದೋ ಇಲ್ಲವೋ ಎಂಬುದೇ ಮೊದಲ ಪರೀಕ್ಷೆ.

ಸದ್ದು ಬಂದು ನೀರು ಬಾರದಿದ್ದರೆ ದೋಷ ಬಹುಮಟ್ಟಿಗೆ ನೀರಿನ ಹಾದಿಯಲ್ಲಿರುತ್ತದೆ. ಮೊದಲು ಟ್ಯಾಂಕಿನಲ್ಲಿ ನೀರಿದೆಯೇ ನೋಡಿರಿ. ಅನಂತರ ನಾಜಲ್ಲಿನ ಹತ್ತಿರ ಕೊಳವೆಯನ್ನು ಕಳಚಿ, ಮತ್ತೊಬ್ಬರಿಂದ ಗುಂಡಿ ಒತ್ತಿಸಿರಿ. ಅಲ್ಲಿ ನೀರು ಚಿಮ್ಮಿದರೆ ನಾಜಲ್ಲು ಕಟ್ಟಿದೆ. ಬಾರದಿದ್ದರೆ ಕೊಳವೆ ಒಡೆದಿದೆ, ಕಳಚಿದೆ, ಇಲ್ಲವೇ ಟ್ಯಾಂಕಿನ ತಳದ ಜಾಲರಿಗೆ ಪಾಚಿ ಹಿಡಿದಿದೆ. ಬಹಳ ಹೊತ್ತು ಒತ್ತಿದ ಮೇಲೆಯೇ ನೀರು ಬರುವುದಾದರೆ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಪುಟ್ಟ ವಾಲ್ವು ಕೆಟ್ಟಿರಬಹುದು. ಹಳೆಯ ಕೊಳವೆ ಚಳಿಗೆ ಇನ್ನಷ್ಟು ಬಿರುಸಾಗಿ ಬಾಗಿದ ಕಡೆ ಸೀಳುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು.

ಸದ್ದೇ ಬಾರದಿದ್ದರೆ ಮೊದಲು ಫ್ಯೂಸು, ಅನಂತರ ಪಂಪಿನ ತಂತಿಯ ಕೂಡುಗಳ ತುಕ್ಕು, ಕೊನೆಗೆ ಮೋಟಾರು. ಸುಟ್ಟ ಫ್ಯೂಸಿಗೆ ಅದೇ ಆಂಪಿಯರಿನದನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತಿದರೆ ಕಾರಿಗೇ ಬೆಂಕಿ ತಗುಲೀತು.

ನಮ್ಮ ಕಾರಿನಲ್ಲಿ ದೋಷಗಳು ಎರಡು: ಬಾನೆಟ್ಟಿನ ಮಡಿಕೆಯಲ್ಲಿ ಕೊಳವೆ ಸೀಳಿತ್ತು; ನಾಜಲ್ಲಿನಲ್ಲಿ ಬಿಳಿಯ ಉಪ್ಪು ಗಟ್ಟಿಯಾಗಿತ್ತು. ಬೋರಿನ ಗಡಸು ನೀರನ್ನೇ ವರ್ಷಗಟ್ಟಲೆ ತುಂಬಿದ್ದರ ಫಲವಿದು. ಡ್ರಿಪ್ಪಿನ ತೂತುಗಳನ್ನು ಕಟ್ಟುವುದೂ ಇದೇ ಸುಣ್ಣವೇ. ನಾಜಲ್ಲನ್ನು ಬಿಚ್ಚಿ ನಿಂಬೆಯ ರಸದಲ್ಲಿ ಅರ್ಧ ಗಂಟೆ ನೆನೆಯಿಟ್ಟು, ಸಣ್ಣ ಸೂಜಿಯಿಂದ ಮೆಲ್ಲನೆ ಬಿಡಿಸಿ, ಹಿಂದುಮುಂದಾಗಿ ಊದಿ ತೊಳೆದೆವು. ಡ್ರಿಪ್ಪಿಗೆ ಹಾಕುವ ಆಸಿಡ್ಡನ್ನು ಇಲ್ಲಿ ಬಳಸಬಾರದು. ಬಣ್ಣವೂ ರಬ್ಬರೂ ಹಾಳಾಗುತ್ತವೆ. ಸೀಳಿದ ಕೊಳವೆಗೆ ಬದಲಾಗಿ ಒಂದು ಮೊಳ ಹೊಸ ಕೊಳವೆ ಹಾಕಿದ್ದಾಯಿತು. ಮೋಟಾರನ್ನು ಮುಟ್ಟಲೇ ಇಲ್ಲ.

ಇನ್ನು ಚಳಿಗಾಲದ ಎಚ್ಚರಿಕೆಗಳು. ಹಿಮ ಬೀಳುವ ದೇಶಗಳಲ್ಲಿ ಟ್ಯಾಂಕಿನ ನೀರು ಗಡ್ಡೆ ಕಟ್ಟದಿರಲೆಂದು ಮದ್ಯಸಾರ ಬೆರೆಸಿದ ದ್ರವವನ್ನು ತುಂಬುತ್ತಾರೆ. ನಮ್ಮ ತಾಳವಾಡಿಯ ಚಳಿಗೆ ಅದು ಬೇಕಾಗಿಲ್ಲ. ಇಲ್ಲಿ ಸೋಸಿದ ಮಳೆನೀರು ಉತ್ತಮ. ಉದಕಮಂಡಲದ ಕಡೆ ಡಿಸೆಂಬರ್, ಜನವರಿಗಳಲ್ಲಿ ಹೋಗುವವರು ಮಾತ್ರ, ಅಲ್ಲಿ ಬೆಳಗಿನ ಜಾವ ನೀರು ಹೆಪ್ಪುಗಟ್ಟುವುದುಂಟೆಂಬುದನ್ನು ನೆನಪಿಡಬೇಕು. ಹೆಪ್ಪುಗಟ್ಟಿದಾಗ ಗುಂಡಿ ಒತ್ತಿದರೆ ಪಂಪು ಕೆಡುತ್ತದೆ. ಬಿಸಿಲೇರುವವರೆಗೆ ಕಾಯುವುದು ಲೇಸು. ತಣ್ಣಗಿರುವ ಗಾಜಿಗೆ ಕುದಿನೀರು ಸುರಿದರೆ ಬಿರುಕು ಬಿಡುವ ಅಪಾಯವುಂಟು.

ರೇಡಿಯೇಟರಿಗೆ ಹಾಕುವ ಬಣ್ಣದ ದ್ರವವನ್ನು ವಾಷರಿಗೆ ಎಂದಿಗೂ ಸುರಿಯಬೇಡಿರಿ. ಅದು ಗಾಜಿಗೆ ಜಿಡ್ಡು ಹಿಡಿಸುವುದಲ್ಲದೆ, ಸಿಹಿಯಾಗಿರುವುದರಿಂದ ಚೆಲ್ಲಿದ್ದನ್ನು ನಾಯಿ, ಕರುಗಳು ನೆಕ್ಕಿ ಸಾಯಬಹುದು. ಕೀಟನಾಶಕದ ಡಬ್ಬಿಯಲ್ಲಿ ನೀರು ತಂದು ತುಂಬುವುದೂ ಕೂಡದು. ಸೋಪಿನ ಪುಡಿ ಹೆಚ್ಚಾದರೆ ನೊರೆ ಬಂದು ನೋಟ ಮಸುಕಾಗುತ್ತದೆ. ನೀರಿಲ್ಲದೆ ಪಂಪನ್ನು ಓಡಿಸಬಾರದು. ನೀರಿದ್ದಾಗಲೂ ಒಂದೇ ಸಮನೆ ಒತ್ತಿ ಹಿಡಿಯಬಾರದು. ಮಂಜು ಗಾಜಿನ ಒಳಮೈಗೆ ಕಟ್ಟಿದ್ದರೆ ವಾಷರಿನಿಂದ ಪ್ರಯೋಜನವಿಲ್ಲ. ಕಿಟಕಿ ತುಸು ತೆರೆದು ಗಾಳಿ ಆಡಿಸಬೇಕು.

ನಾವೀಗ ಪ್ರತಿ ಸಲ ಹೊರಡುವ ಮೊದಲು ಅಂಗಳದಲ್ಲೇ ಗುಂಡಿ ಒತ್ತಿ ನೋಡುತ್ತೇವೆ. ನೀರು ಗಾಜಿನ ನಡುವಿಗಿಂತ ತುಸು ಮೇಲೆ ಬಿದ್ದರೆ ಸರಿ. ಸೀಟಿನ ಕೆಳಗೆ ಒಂದು ಬಾಟಲಿ ನೀರು, ಒಂದು ಹತ್ತಿಬಟ್ಟೆ ಸದಾ ಇರುತ್ತವೆ. ಅಂಗಳದಲ್ಲಿ ಅರ್ಧ ನಿಮಿಷ ವ್ಯಯವಾದರೆ ಆಗಲಿ. ಘಟ್ಟದ ತಿರುವಿನಲ್ಲಿ ಕುರುಡಾಗಿ ನಿಲ್ಲುವ ಆ ಅರ್ಧ ನಿಮಿಷ ಯಾರಿಗೂ ಬೇಡ.