ವರಾಹ ಮುದ್ರೆಯ ದೊರೆ, ಹಂದಿಯ ಪಕ್ಕೆಲುಬು

ಹಂದಿಗೆ ಬಿಳಿ ಬಟ್ಟೆ ಹೊದಿಸಬೇಕಂತೆ! ಆ ಬಟ್ಟೆಯ ಮೇಲೆ ಬಿಸಿನೀರು ಹುಯ್ಯುತ್ತಲೇ ಇರಬೇಕು, ಕೂದಲು ಕೈಗೆ ಕಿತ್ತು ಬರುವ ತನಕ. ಅದು ಬೇಡವೆಂದರೆ ಮೈಗೆಲ್ಲ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಹೀಗೆ ಹೇಳಿದ್ದು ಯಾರು ಅಂದುಕೊಂಡಿರಿ? ಬಾಡಿನಂಗಡಿಯವರಲ್ಲ, ಬಾಣಸಿಗರೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ! ಇಂದಿನ ಬಸವಕಲ್ಯಾಣದಿಂದ ರಾಜ್ಯ ಆಳುತ್ತಿದ್ದವನು, ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ. ನೂರು ಅಧ್ಯಾಯ, ಆನೆ, ರತ್ನ, ಸಂಗೀತ, ಕುಸ್ತಿ, ಏನುಂಟು ಏನಿಲ್ಲ! ಅನ್ನಭೋಗದ ಭಾಗಕ್ಕೆ ಬಂದರಂತೂ ದೊರೆ ಕಚ್ಚೆ ಕಟ್ಟಿ ಒಲೆಯ ಪಕ್ಕದಲ್ಲೇ ನಿಂತಂತಿದೆ. ಕೂದಲು ತೆಗೆದ ಹಂದಿಯನ್ನು ಬೆಂಕಿಯ ಮೇಲೆ ಸುಡು, ತುಂಡು ಮಾಡು, ತಾಳೆಗರಿಯಷ್ಟು ತೆಳ್ಳಗೆ ಸೀಳು, ಮಸಾಲೆ ಬೆರೆಸಿದ ಮೊಸರಿಗೆ ಹಾಕು...

ಮತ್ತೆ ಇದೇ ಚಾಲುಕ್ಯರ ರಾಜಲಾಂಛನ ಯಾವುದು? ವರಾಹ! ಮುದ್ರೆಯ ಮೇಲೂ ಅದೇ, ಅರಮನೆಯ ಅಡುಗೆಮನೆಯಲ್ಲೂ ಅದೇ. ಯಾರಿಗೂ ಮುಜುಗರವಾದಂತೆ ಕಾಣುವುದಿಲ್ಲ.

ಈಗ ಭಾನುವಾರ ಬೆಳಿಗ್ಗೆ ಯಲಹಂಕದ ಕಡೆ ಯಾವುದಾದರೂ ಹಂದಿ ಬಾಡಿನಂಗಡಿಯ ಮುಂದೆ ನಿಂತು ನೋಡಿ. ಒಂದು ಕಡೆ ಹಂಡೆಯಲ್ಲಿ ಬಿಸಿನೀರು, ಇನ್ನೊಂದು ಕಡೆ ಬುಸ್ಸೆನ್ನುವ ಗ್ಯಾಸ್ ಬರ್ನರ್. ಸೋಮೇಶ್ವರ ಹೇಳಿದ ಅದೇ ಎರಡು ದಾರಿ, ಒಂಬತ್ತು ಶತಮಾನ ಕಳೆದ ಮೇಲೂ! ಹುಲ್ಲು ಹೋಗಿ ಸಿಲಿಂಡರ್ ಬಂದಿದೆ, ಅಷ್ಟೇ. ಆ ಬಿಳಿ ಬಟ್ಟೆಯ ಗುಟ್ಟೂ ಅಲ್ಲೇ ಹೊಳೆಯಿತು. ನೀರು ತೀರಾ ಕುದಿಯುತ್ತಿದ್ದರೆ ಚರ್ಮ ಬೆಂದು ಕೂದಲನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ತಣ್ಣಗಿದ್ದರೆ ಬುಡ ಸಡಿಲವಾಗುವುದಿಲ್ಲ. ಇಂದಿನ ಕಸಾಯಿಖಾನೆಗಳಲ್ಲಿ ಈ ನೀರನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ, ಕುದಿನೀರಿನ ಉರಿಯನ್ನು ತಗ್ಗಿಸಿ, ಆ ಹದವಾದ ಬಿಸಿಯನ್ನು ಚರ್ಮಕ್ಕೆ ಅಂಟಿಸಿ ಇಟ್ಟಿದ್ದು ಆ ಒದ್ದೆ ಬಟ್ಟೆಯೇ ಇರಬೇಕು. ಎಂಥ ತಲೆ!

ದೊರೆಯ ಪಾಕ ಓದಿ ಬಾಯಲ್ಲಿ ನೀರೂರಿತು ಅಂತ ಕಾಡುಹಂದಿಯ ಹಿಂದೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೂ ಅಪರಾಧ, ಮಾಂಸ ಮಾರುವುದೂ ಅಪರಾಧ. ಸಿಗುವುದು ಫಾರಂ ಹಂದಿ. ಬೇಸರವೇನೂ ಬೇಡ, ಜೀವಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಪ್ರಭೇದ, ‘ಸಸ್ ಸ್ಕ್ರೋಫಾ’. ಕಾಡಿನದ್ದಕ್ಕೆ ಕೊಬ್ಬು ಕಡಿಮೆ, ನಾರು ಗಟ್ಟಿ, ಕೋರೆ ಭಯಂಕರ. ಆ ಕೋರೆಯನ್ನು ನೋಡಲೇಬೇಕೆಂದರೆ ಹೆಬ್ಬಾಳದಿಂದ ಬಸ್ಸು ಹತ್ತಿ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಮದ್ದೂರಿನ ಕಡೆಯಿಂದ ಬಂದ, ಹಂದಿಯ ಕೆತ್ತನೆಯಿರುವ ಆತಕೂರಿನ ಕಲ್ಲು ಅಲ್ಲಿದೆ, ಕ್ರಿ.ಶ. 949–50ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ದೊರೆ ಬೂತುಗನಿಂದ ಬಹುಮಾನವಾಗಿ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಂತಿತು. ಹಂದಿ ಯಾರ ಊಟಕ್ಕೆ ಹೋಯಿತೆಂದು ಶಾಸನ ಹೇಳುವುದಿಲ್ಲ. ನನಗೆ ಮಾತ್ರ ಅದೇ ಕುತೂಹಲ.

ಇನ್ನು ಒಲೆಯ ವಿಷಯ. ಆರ್.ಟಿ. ನಗರದ ನಮ್ಮ ನೆರೆಮನೆಯ ಕೊಡವ ಅಕ್ಕ ಪಕ್ಕೆಲುಬಿನ ಪಂದಿಕರಿ ಮಾಡುವುದನ್ನು ನೋಡಿದ ಮೇಲೆ ನನ್ನ ತಲೆ ಇನ್ನೂ ನೆಟ್ಟಗಾಗಿಲ್ಲ. ಮೊದಲು ಪಕ್ಕೆಲುಬಿನ ಒಳಮೈಗೆ ಅಂಟಿದ ಪೊರೆ. ಚಾಕುವಿನ ತುದಿಯಿಂದ ಒಂದು ಮೂಲೆ ಎಬ್ಬಿಸಿ, ಬಟ್ಟೆಯಿಂದ ಹಿಡಿದು ಎಳೆದರು, ಸರ್ರನೆ ಇಡಿಯಾಗಿ ಬಂತು! ಅದನ್ನು ಬಿಟ್ಟರೆ ಉಪ್ಪು ಖಾರ ಒಳಗೆ ಇಳಿಯುವುದಿಲ್ಲವಂತೆ. ಆಮೇಲೆ ಎರಡೆರಡು ಬೆರಳಿನ ತುಂಡು. ಉಪ್ಪು, ಅರಿಶಿನ, ಜಜ್ಜಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಕಲಸಿ ದಪ್ಪ ತಳದ ಪಾತ್ರೆಗೆ. ನಾನು ನೀರಿನ ಚೊಂಬು ಎತ್ತಿದೆ.

‘ಅಯ್ಯೋ, ನೀರು ಹಾಕ್ಬೇಡಿ! ಅದೇ ಬಿಡ್ತದೆ ನೋಡಿ.’

ಬಿಟ್ಟಿತು! ಸಣ್ಣ ಉರಿಯಲ್ಲಿ ತನ್ನ ನೀರು, ತನ್ನ ಕೊಬ್ಬಿನಲ್ಲೇ ಒಂದೂವರೆ ಗಂಟೆ ಬೆಂದಿತು. ಎಲುಬಿಗಂಟಿದ ನಾರು ಕರಗಿ ಗಂಜಿಯಂತಾಗಲು ಉರಿಗಿಂತ ಹೊತ್ತು ಮುಖ್ಯ. ಕುಕ್ಕರ್ ಕೂಗಿಸಿದರೆ ಮಾಂಸ ಕಳಚಿ ಬೀಳುತ್ತದೆ, ರುಚಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೊನೆಗೆ ಕಪ್ಪಗಾಗುವಂತೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಚೂರು ಮೆಂತ್ಯ. ಆಮೇಲೆ ಸೀಸೆಯಿಂದ ಕಚಂಪುಳಿ: ಪನಪುಳಿ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದ ಕಡುಕಪ್ಪು ಹುಳಿ. ಒಂದೂವರೆ ಚಮಚ ಬಿದ್ದದ್ದೇ ತಡ, ಪಾತ್ರೆಯ ಬಣ್ಣವೇ ಬದಲು, ಕೊಬ್ಬಿನ ಜಿಡ್ಡು ಮಾಯ!

ಯೋಚಿಸಿ: ಮೃದುವಾದ ಫಾರಂ ಹಂದಿಗೆ ಇಷ್ಟು ಕರಿದಾದ ಮಸಾಲೆ, ಇಷ್ಟು ಚೂಪಾದ ಹುಳಿ, ಇಷ್ಟು ಹೊತ್ತಿನ ಬೇಯಿಸುವಿಕೆ ಯಾಕೆ ಬೇಕು? ಬೇಕಿಲ್ಲ! ಇದೆಲ್ಲ ಕಾಡಿನ ಒರಟು ಮಾಂಸವನ್ನು ಪಳಗಿಸಲು ಹುಟ್ಟಿದ ಪಾಕವೆಂದೇ ನನ್ನ ಊಹೆ. ಪಾತ್ರೆಯೊಳಗಿನ ಪ್ರಾಣಿ ಬದಲಾಗಿ ಎಷ್ಟೋ ಕಾಲವಾಯಿತು, ಮಸಾಲೆಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ. ಅಂಗಡಿಯ ಬರ್ನರ್ ಕೂಡ ಹಾಗೇ: ಬಿಳಿ ಹಂದಿಯ ಮೈಯಲ್ಲಿ ಸುಡುವಂಥ ಕೂದಲೇ ಕಡಿಮೆ, ಆದರೂ ಚರ್ಮ ಕಂದಾಗುವವರೆಗೆ ಸುಡದಿದ್ದರೆ ಗಿರಾಕಿಗಳು ಒಪ್ಪುವುದಿಲ್ಲ. ಆ ಸುಟ್ಟ ವಾಸನೆಯೇ ಅವರಿಗೆ ಬೇಕು.

ಜೊತೆಗೆ ಕಡಂಬುಟ್ಟು, ಅಂದರೆ ಅಕ್ಕಿತರಿಯ ಹಬೆಯುಂಡೆ, ಇದ್ದರೆ ಸರಿ, ಇಲ್ಲದಿದ್ದರೆ ರಾಗಿಮುದ್ದೆಗೂ ಒಗ್ಗುತ್ತದೆ. ಅಕ್ಕ ಮೊದಲು ಹುಬ್ಬೇರಿಸಿದರು, ಎರಡನೇ ತುತ್ತಿಗೆ ಅವರೂ ಮುದ್ದೆ ಮುರಿದರು. ಪಕ್ಕೆಲುಬಿಗೆ ಚಮಚ ಫೋರ್ಕು ಇಡುವವರ ಮನೆಗೆ ಮಾತ್ರ ನಾನು ಊಟಕ್ಕೆ ಹೋಗುವುದಿಲ್ಲ.