ಮಾತಂಗದ ನೆತ್ತಿಯಿಂದ ತುಂಗಭದ್ರೆ

ವಿಜಯನಗರವೆಂದರೆ ಮಕ್ಕಳಿಗೆ ಥಟ್ಟನೆ ನೆನಪಾಗುವುದು 1336, 1565 ಎಂಬ ಎರಡು ಇಸವಿಗಳು, ಜೊತೆಗೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಅರಸರ ಹೆಸರುಗಳು. ಆ ರಾಜಧಾನಿ ಅಲ್ಲೇ ಏಕೆ ಬೆಳೆಯಿತು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಹಂಪಿಯ ಮಾತಂಗ ಪರ್ವತವನ್ನು ಹತ್ತಬೇಕು. ಹೆಸರಿಗಷ್ಟೇ ಪರ್ವತ, ಹತ್ತಲು ಅರ್ಧ ಗಂಟೆ ಸಾಕು.

ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯಲ್ಲಿ ಪೂರ್ವಕ್ಕೆ ನಡೆದರೆ ಕೊನೆಯಲ್ಲಿ ಏಕಶಿಲೆಯ ಎದುರು ಬಸವಣ್ಣ. ಪಕ್ಕದ ಮೆಟ್ಟಿಲೇರಿ ಆಚೆಗಿಳಿದರೆ 1534ರಲ್ಲಿ ಕಟ್ಟಿದ ಅಚ್ಯುತರಾಯ ದೇವಾಲಯ. ಅದರ ಬಳಿಯಿಂದ ಬೆಟ್ಟಕ್ಕೆ ಕಾಲುದಾರಿ. ಕೆಲವೆಡೆ ಕಲ್ಲಿನ ಮೆಟ್ಟಿಲು, ಕೆಲವೆಡೆ ಬಂಡೆಯ ಬೆನ್ನೇ ದಾರಿ. ನೆತ್ತಿಯಲ್ಲಿ ವೀರಭದ್ರನ ಗುಡಿ.

ರಾಮಾಯಣದ ಕಥೆಯಲ್ಲಿ ಮತಂಗ ಮುನಿಯ ಶಾಪಕ್ಕೆ ಹೆದರಿ ವಾಲಿ ಈ ನೆಲಕ್ಕೆ ಕಾಲಿಡುವಂತಿರಲಿಲ್ಲ. ಆದ್ದರಿಂದಲೇ ಸುಗ್ರೀವನಿಗೆ ಇಲ್ಲಿ ಆಶ್ರಯ ದೊರೆಯಿತು. ಸುತ್ತಲಿನ ಬಂಡೆಗಳನ್ನು ಕಂಡರೆ ಕಪಿಸೇನೆಯೇ ತಂದು ಪೇರಿಸಿತೇನೋ ಎನಿಸುತ್ತದೆ. ಆದರೆ ಇವನ್ನು ಯಾರೂ ತಂದಿಟ್ಟದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ನೆಲ ಬಿರುಕುಬಿಟ್ಟು, ಬಿರುಕುಗಳಲ್ಲಿ ನೀರಿಳಿದು, ಅಂಚುಗಳು ಸವೆದು ನಿಂತಲ್ಲೇ ಗುಂಡಾದ ಕಲ್ಲುಗಳಿವು.

ಮೇಲೆ ನಿಂತರೆ ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ. ಕಾಲಡಿಯಲ್ಲಿ ಅಚ್ಯುತರಾಯ ದೇವಾಲಯ ತನ್ನ ಎರಡು ಪ್ರಾಕಾರಗಳೊಂದಿಗೆ ಕಾಗದದ ಮೇಲೆ ಬರೆದ ನಕ್ಷೆಯಂತೆ ಹರಡಿದೆ. ಉತ್ತರಕ್ಕೆ ಬಂಡೆಗಳ ನಡುವೆ ದಾರಿ ಹುಡುಕುತ್ತ ತುಂಗಭದ್ರೆ ಹರಿಯುತ್ತಾಳೆ. ಆಚೆ ದಡದಲ್ಲಿ ಆನೆಗೊಂದಿ, ಅಂಜನಾದ್ರಿ. ನದಿಯ ಹಳೆಯ ಹೆಸರು ಪಂಪಾ. ಪಾಲು ಹಾಲಾದಂತೆ, ಪೂವು ಹೂವಾದಂತೆ ಪಂಪೆ ಹಂಪೆಯಾಯಿತು.

ಉತ್ತರಕ್ಕೆ ನದಿ, ಉಳಿದೆಡೆ ಬಂಡೆಯ ಗುಡ್ಡಗಳು. ನಿಸರ್ಗವೇ ಕಟ್ಟಿದ ಈ ಕೋಟೆಯ ಸಂದುಗಳನ್ನಷ್ಟೇ ಅರಸರು ಗೋಡೆ ಕಟ್ಟಿ ಮುಚ್ಚಬೇಕಿತ್ತು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೂಡ ನಗರವನ್ನು ನೋಡಲು ಗುಡ್ಡವೊಂದನ್ನು ಹತ್ತಿದ್ದ. ಬೆಟ್ಟಗಳ ಮರೆಯಿಂದಾಗಿ ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದೆಂದು ಅವನು ಬರೆದಿಟ್ಟ.

ಅಂಥ ನಗರಕ್ಕೆ ಅನ್ನ ಎಲ್ಲಿಂದ? ಉತ್ತರ ಬೆಟ್ಟದ ದಕ್ಷಿಣಕ್ಕಿದೆ. ಅಲ್ಲಿನ ಬಾಳೆತೋಟಗಳ ಹಸಿರಿಗೆ ನೀರುಣಿಸುವುದು ವಿಜಯನಗರದ ಕಾಲದ ತುರ್ತಾ ಕಾಲುವೆ. ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ನೀರನ್ನು ತಿರುಗಿಸಿದ ಕೆಲಸವದು. 1565ರ ಸೋಲಿನ ನಂತರ ಅರಮನೆಗಳು ಅಡಿಪಾಯದ ಕಲ್ಲುಗಳಾಗಿ ಉಳಿದವು. ಕಾಲುವೆ ಮಾತ್ರ ಇಂದಿಗೂ ಹರಿಯುತ್ತಿದೆ. ಅರಸರ ಪಟ್ಟಿಯಲ್ಲಿ ಸಿಗದ ಪಾಠವಿದು.

ನಮ್ಮ ಕಾಲದವರೂ ಇದೇ ನದಿಗೆ ಅಣೆ ಕಟ್ಟಿದ್ದಾರೆ. ನದಿಯ ಮೇಲ್ಭಾಗದಲ್ಲಿ, ಹೊಸಪೇಟೆಯ ಬಳಿ 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಪಾಲಾಗುವುದನ್ನು ರೈತರು ಕಣ್ಣಾರೆ ಕಾಣಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಒಂದು ವಾರದೊಳಗೆ ಅದನ್ನು ತಡೆದರು. ಕಟ್ಟಿದ್ದನ್ನು ಕಾಪಾಡುವುದು ಕಟ್ಟಿದಷ್ಟೇ ದೊಡ್ಡ ಕೆಲಸ. ನಾಳೆ ಎಂಜಿನಿಯರುಗಳೋ ರೈತರೋ ಆಗಲಿರುವ ಮಕ್ಕಳು ಆ ಹಳೆಯ ಕಾಲುವೆಯನ್ನು ನೋಡುತ್ತ ಇದನ್ನು ಯೋಚಿಸಬಹುದು.

ಹೋಗುವವರಿಗೆ: ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ.; ಬಸ್ಸುಗಳಿವೆ. ಚಾರಣಕ್ಕೆ ನವೆಂಬರಿನಿಂದ ಫೆಬ್ರವರಿವರೆಗೆ ಹಿತವಾದ ಹವೆ. ಬೆಳಗಿನ ಹೊತ್ತು ಹತ್ತಿ, ಬಂಡೆ ಕಾಯುವ ಮುನ್ನ ಇಳಿಯುವುದು ಒಳ್ಳೆಯದು. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು. ಹಿಡಿತವಿರುವ ಬೂಟು ಇರಲಿ. ಮಳೆಯಲ್ಲಿ ಬಂಡೆ ಜಾರುತ್ತದೆ. ಮಕ್ಕಳು ಒಂಟಿಯಾಗಿ ಹೋಗುವುದು ಬೇಡ. ತಿಂಡಿಯ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಿರಲಿ. ನದಿಯಲ್ಲಿ ಸುಳಿಗಳೂ ಮೊಸಳೆಗಳೂ ಇವೆ. ಈಜಲು ಇಳಿಯದೆ, ಮೇಲಿನಿಂದ ಕಣ್ತುಂಬ ನೋಡಿ ಬಂದರಾಯಿತು.