ಬೊಮ್ಮಸಂದ್ರದ ದಿನಬಾಡಿಗೆ ಕೋಣೆಗಳು

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಹೊರಟ ಹಳದಿ ಮಾರ್ಗದ ಮೆಟ್ರೊಗೆ ಬೊಮ್ಮಸಂದ್ರವೇ ಕೊನೆ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ತೆರೆಯಿತು. ಇಳಿಯುವವರಲ್ಲಿ ಕಾರ್ಖಾನೆಗೆ ಹೋಗುವವರ ಜೊತೆ, ಸ್ಕ್ಯಾನಿಂಗ್ ಲಕೋಟೆ ಎದೆಗವಚಿಕೊಂಡ ಕುಟುಂಬಗಳೂ ಇರುತ್ತವೆ. ಈ ಕುಟುಂಬಗಳು ಹೊರಟಿರುವುದು ನಾರಾಯಣ ಹೆಲ್ತ್ ಸಿಟಿ ಆಸ್ಪತ್ರೆಗೆ.

ಆಸ್ಪತ್ರೆಯ ಸುತ್ತಲಿನ ಬೀದಿಗಳಿಗೆ ಕಾಲಿಟ್ಟರೆ ಕನ್ನಡದ ಜೊತೆಗೇ ಬಂಗಾಳಿ ಫಲಕಗಳು ಕಾಣುತ್ತವೆ. ಹೋಟೆಲುಗಳಿಂದ ಸಾಸಿವೆ ಎಣ್ಣೆಯಲ್ಲಿ ಹುರಿದ ಮೀನಿನ ವಾಸನೆ ಬರುತ್ತದೆ. ಬಂಗಾಳದೊಂದಿಗಿನ ಈ ನಂಟು ಹಳೆಯದು. 2000ದಲ್ಲಿ ಈ ಆಸ್ಪತ್ರೆಯ ಮೂಲವಾದ ನಾರಾಯಣ ಹೃದಯಾಲಯ ಕಟ್ಟುವ ಮೊದಲು ಡಾ. ದೇವಿ ಶೆಟ್ಟಿ ಕೋಲ್ಕತ್ತಾದಲ್ಲಿ ಹೃದಯ ಶಸ್ತ್ರಚಿಕಿತ್ಸಕರಾಗಿದ್ದರು. ಅವರನ್ನು ನಂಬಿದ ಜನ ಇಲ್ಲಿಗೂ ಬಂದರು. ಬಾಂಗ್ಲಾದೇಶದವರೂ ಬರುತ್ತಾರೆ.

ಮಡಿಕೇರಿಯಲ್ಲೋ ಮೈಸೂರಲ್ಲೋ ದಿನಬಾಡಿಗೆ ಮನೆ ಹಿಡಿಯುವವರು ರಜೆ ಕಳೆಯಲು ಬಂದವರು. ಇಲ್ಲಿ ದಿನಬಾಡಿಗೆ ಕೋಣೆ ಹಿಡಿದವರನ್ನು ಕರೆತಂದದ್ದು ಕಾಯಿಲೆ. ವಿಕಿರಣ ಚಿಕಿತ್ಸೆಗೆ ವಾರಕ್ಕೆ ಐದು ದಿನದಂತೆ ಹಲವು ವಾರ ಓಡಾಡಬೇಕು. ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಸುಮಾರು 100 ದಿನ ಆಸ್ಪತ್ರೆಯ ಹತ್ತಿರವೇ ಇರಿ ಎನ್ನುತ್ತಾರೆ ವೈದ್ಯರು. ಅಷ್ಟು ದಿನ ಹೋಟೆಲ್ ಊಟ ಒಗ್ಗದು, ಸೋಂಕಿನ ಭಯ ಬೇರೆ.

ಹಾಗಾಗಿ ಇಲ್ಲಿನ ಕೋಣೆಯ ಹೃದಯ ಅದರ ಅಡುಗೆಕಟ್ಟೆ. ಒಂದು ಕೋಣೆಯೊಳಗೆ ಇಣುಕಿದೆ: ಎರಡು ಮಂಚ, ಗೋಡೆಗೆ ಅಂಟಿಸಿದ ಔಷಧಿ ವೇಳಾಪಟ್ಟಿ, ಒಂದೇ ಬರ್ನರ್‌ನ ಗ್ಯಾಸ್ ಸ್ಟೌ, ಮಾಲೀಕರೇ ಕೊಟ್ಟ ಕುಕ್ಕರ್. ಕಿಟಕಿಯ ಸರಳಿಗೆ ಒಣಹಾಕಿದ ಮಗುವಿನ ಅಂಗಿ. ಗಾಳಿ ಆಡಲು ಇದ್ದದ್ದು ಆ ಕಿಟಕಿಯೊಂದೇ.

ವೈಟ್‌ಫೀಲ್ಡ್‌ನ ಕತೆಯೂ ಇದೇ. 2001ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆದರೆ ಹೊರಗಿನ ಕೋಣೆಗೆ ದಿನವೂ ದುಡ್ಡು ಎಣಿಸಲೇಬೇಕು. ಪಕ್ಕದಲ್ಲೇ ಐಟಿ ಉದ್ಯೋಗಿಗಳ ಸರ್ವಿಸ್ ಅಪಾರ್ಟ್‌ಮೆಂಟುಗಳು. ಅವರ ಬಾಡಿಗೆಯನ್ನು ಕಂಪನಿ ಭರಿಸಬಹುದು. ರೋಗಿಯ ಕಡೆಯವರು ಹೊಲ ಮಾರಿಯೋ ಸಾಲ ಮಾಡಿಯೋ ಕಟ್ಟಬೇಕು.

ಊರಿನವರಿಗೆ ಇದರಿಂದ ಆದಾಯವಿದೆ, ಅದು ತಪ್ಪಲ್ಲ. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಹೆಚ್ಚು ಗಿಟ್ಟುವಾಗ ಕಾರ್ಮಿಕ ಕುಟುಂಬಗಳಿಗೆ ಮನೆ ಸಿಗುವುದು ಕಷ್ಟವಾಗುತ್ತದೆ ಎಂಬುದನ್ನೂ ಮರೆಯಬಾರದು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಕೋಣೆಯಲ್ಲಿ ಗಾಳಿ, ನೀರು, ಬೆಂಕಿಯಿಂದ ರಕ್ಷಣೆ ಇದೆಯೇ ಎಂದು ನೋಡುವುದರಲ್ಲೂ ಅಷ್ಟೇ ಬಿಗಿ ಬೇಕು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ರೋಗಿಗಳ ಕಡೆಯವರು ತಂಗಲು ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟಿದೆ. ಅಂಥವು ಬೊಮ್ಮಸಂದ್ರಕ್ಕೂ ವೈಟ್‌ಫೀಲ್ಡ್‌ಗೂ ಇನ್ನಷ್ಟು ಬೇಕು. ಸುತ್ತಲಿನ ಕಂಪನಿಗಳು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಅಲ್ಲಿಯವರೆಗೆ, ನಿಮ್ಮವರನ್ನು ಚಿಕಿತ್ಸೆಗೆ ಕರೆತರುವುದಾದರೆ ಮೊದಲು ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ವಿಚಾರಿಸಿ. ಕೋಣೆ ಕಣ್ಣಾರೆ ನೋಡಿ, ಲಿಫ್ಟ್ ಮತ್ತು ಕುಡಿಯುವ ನೀರಿನ ಬಗ್ಗೆ ಕೇಳಿ, ರಶೀದಿ ಪಡೆದೇ ಮುಂಗಡ ಕೊಡಿ.